ಮರಳಿನಲ್ಲಿ ಪಳಗಿಸಿದ ಹಿಮದ ಗಾಡಿ

ದೋಹಾದ ನಮ್ಮ ಕನ್ನಡದವರ ಕೂಟವೊಂದರಲ್ಲಿ ಊಟದ ಸಾಲಿನಲ್ಲಿ ನಿಂತಿದ್ದೆ. ಹಿಂದಿದ್ದವರೊಬ್ಬರು ಭುಜ ತಟ್ಟಿದರು. ಈಚೆಗೆ ಗ್ಯಾರೇಜೊಂದಕ್ಕೆ ಸೇರಿದ ಎಂಜಿನಿಯರ್ ಅಂತೆ.

"ಸಾರ್, ಕತಾರ್‌ನಲ್ಲಿ ಕೂತ್ಕೊಂಡು ಹಿಮದ ಗಾಡಿ ರಿಪೇರಿ ಮಾಡಿದ ಮೂರ್ತಿ ಅಂದ್ರೆ ನೀವೇನಾ?"

"ರಿಪೇರಿ ಅಲ್ಲ, ಸಸ್ಪೆನ್ಶನ್ ಅಡ್ಜಸ್ಟ್ ಮಾಡಿದ್ದು" ಎಂದೆ, ಸ್ವಲ್ಪ ಬೀಗಿಕೊಂಡೇ.

"ಅದೇ ಸಾರ್. ಗಾಡಿ ಮೇಲೆ ಕೂತು 'ಅಮ್ಮಾ' ಅಂತ ಕಿರುಚಿಕೊಂಡ್ರಂತಲ್ಲ?"

ಈ ಆವೃತ್ತಿ ಎಲ್ಲಿಂದ ಹೊರಟಿದೆ ಎಂದು ಕೇಳಬೇಕಾಗಿರಲಿಲ್ಲ. ನನ್ನ ಜೊತೆ ಗ್ಯಾರೇಜಿನಲ್ಲಿ ದುಡಿದ ಇಬ್ರಾಹಿಂ ಈಗ ಊರಿಗೆ ಮರಳಿ ಬಂಟ್ವಾಳದಲ್ಲಿದ್ದಾರೆ. ಅಲ್ಲಿಂದಲೇ ವಾಟ್ಸಾಪ್ ಧ್ವನಿ ಸಂದೇಶಗಳ ಮೂಲಕ ನನ್ನ ಚರಿತ್ರೆಯನ್ನು ಗಲ್ಫಿನ ತುಂಬ ಹಂಚುತ್ತಿದ್ದಾರೆ. ಆ ಸಂದೇಶಗಳನ್ನು ನಾನೂ ಕೇಳಿದ್ದೇನೆ. ಎಷ್ಟು ಚೆನ್ನಾಗಿ ಹೇಳುತ್ತಾರೆಂದರೆ, ನನಗೆ ನೆನಪಿರುವುದರಲ್ಲಿ ನನ್ನದೆಷ್ಟು, ಅವರದೆಷ್ಟು ಎಂಬುದೇ ಈಗ ತಿಳಿಯುವುದಿಲ್ಲ. ಗಾಡಿ ಹಳದಿ ಬಣ್ಣದ್ದು ಎಂದು ನಾನು, ಹಸಿರು ಎಂದು ಅವರು. ಹಸಿರೇ ಇರಬಹುದು. ಕಣ್ಣಾರೆ ಕಂಡದ್ದನ್ನೂ ಎರಡು ಸಲ ಅಳೆದು ನೋಡುವ ಕಾಯಿಲೆಯವನು ನಾನು. ಕಾಲೇಜು ಕಲಿಸಿದ್ದು ಅದೊಂದೇ. ನೆನಪನ್ನು ಅಳೆಯಲು ಮಾತ್ರ ಯಾವ ಗೇಜೂ ಇಲ್ಲ. ಆದ್ದರಿಂದ ಈ ಕಸುಬಿಗೆ ಹೊಸದಾಗಿ ಬರುವವರು ಇದನ್ನು ಅನುಮಾನದಿಂದಲೇ ಓದಬೇಕೆಂದು ಮೊದಲೇ ಹೇಳಿಬಿಡುತ್ತೇನೆ.

ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿ ಬಂದು, ನಾವೆಲ್ಲ ಸನಾಯಾ ಎಂದು ಕರೆಯುವ ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿನಲ್ಲಿ ನಾನು ಕೆಲಸದ ಬಹುಪಾಲು ವರ್ಷಗಳನ್ನು ಕಳೆದೆ. ಮರಳು ದಿಬ್ಬ ಹತ್ತುವವರ ದೊಡ್ಡ ಜೀಪುಗಳಿಗೂ ನಾಲ್ಕು ಚಕ್ರದ ಬೈಕುಗಳಿಗೂ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಹೊಂದಿಸುವುದು ನಮ್ಮ ಕೆಲಸ. ಈಗ ನಿವೃತ್ತ. ಹೆಂಡತಿ ಸುಧಾ ಇಲ್ಲಿಯ ಶಾಲೆಯೊಂದರಲ್ಲಿ ಇನ್ನೂ ಪಾಠ ಹೇಳುತ್ತಿರುವುದರಿಂದ ಅವಳ ವೀಸಾದ ಮೇಲೆ ದೋಹಾದ ಅಬು ಹಮೂರ್‌ನಲ್ಲಿದ್ದೇನೆ. ಒಂದು ಕಾಲದಲ್ಲಿ ಅವಳು ನನ್ನ ವೀಸಾದ ಮೇಲಿದ್ದಳು. ಭಾರ ಹಿಂದಿನಿಂದ ಮುಂದಕ್ಕೆ ವರ್ಗವಾಗುವುದೆಂದರೆ ಇದೇ.

ಗ್ಯಾರೇಜಿಗೆ ಸೇರಿದಾಗ ಮೊದಲು ಕಲಿತ ಅರಬ್ಬಿ "ಮಾಫಿ ಮುಶ್ಕಿಲ್." ತೊಂದರೆಯೇನೂ ಇಲ್ಲ ಎಂದು ಅರ್ಥ. ಗಿರಾಕಿ ಗಾಡಿ ನಿಲ್ಲಿಸಿ ಬಾಗಿಲು ತೆರೆಯುವಷ್ಟರಲ್ಲಿ ಈ ಮಾತು ನಮ್ಮ ಬಾಯಿಂದ ಹೊರಬಿದ್ದಿರಬೇಕು. ಮ್ಯಾನೇಜರ್ ಇದನ್ನು ನಿಯಮವಾಗಿ ಬರೆದು ಹಾಕಿರಲಿಲ್ಲ, ಅಷ್ಟೆ. "ಗೊತ್ತಿಲ್ಲ, ನೋಡಿ ಹೇಳುತ್ತೇನೆ" ಎಂದ ದಿನ ಗಿರಾಕಿ ಪಕ್ಕದ ಗ್ಯಾರೇಜಿಗೆ ಹೋಗುತ್ತಾನೆ, ಅಲ್ಲಿಯವರಿಗೆ ನಮಗಿಂತ ಕಡಿಮೆ ಗೊತ್ತಿದ್ದರೂ. ಹಾಗಾಗಿ ಮೊದಲು ಮಾಫಿ ಮುಶ್ಕಿಲ್, ಆಮೇಲೆ ತೊಂದರೆ ಏನೆಂದು ಕೇಳುವುದು.

ಬು ನಾಸರ್ ನನಗೆ ಪರಿಚಯವಾದದ್ದು ಹೀಗೆಯೇ. ಅಲ್ ರಯ್ಯಾನ್ ಕಡೆಯ ಕತಾರಿ ಹಿರಿಯರು. ದಪ್ಪ ಮೀಸೆ, ಮೆಲುದನಿ. ಅವರು ಬೇಟೆಯ ಹದ್ದನ್ನು ಸಾಕಿದ್ದರು. ಕಣ್ಣಿಗೆ ಚರ್ಮದ ಟೋಪಿ ತೊಡಿಸಿದ ಹದ್ದು ಜೀಪಿನ ಮುಂದಿನ ಎರಡು ಸೀಟುಗಳ ನಡುವೆ ಮರದ ಅಡ್ಡೆಯ ಮೇಲೆ ಕೂತು ಪ್ರಯಾಣ ಮಾಡುತ್ತಿತ್ತು.

"ಮುಹಂದಿಸ್, ತಿರುವಿನಲ್ಲಿ ಹಕ್ಕಿ ರೆಕ್ಕೆ ಬಿಚ್ಚುತ್ತದೆ. ಅದಕ್ಕೆ ಸುಖವಿಲ್ಲ" ಎಂದರು. ಎಂಜಿನಿಯರನ್ನು ಅರಬ್ಬಿಯಲ್ಲಿ ಮುಹಂದಿಸ್ ಎನ್ನುತ್ತಾರೆ. ನಮ್ಮಿಬ್ಬರ ಮಾತು ಅರಬ್ಬಿ, ಹಿಂದಿ, ಇಂಗ್ಲಿಷ್ ಎಲ್ಲ ಕಲಸಿದ್ದು. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಮಾಫಿ ಮುಶ್ಕಿಲ್ ಎಂದೆ. ಸುಖ ಬೇಕೆಂದರೆ ಸ್ಪ್ರಿಂಗ್ ಮೆತ್ತಗಾಗಬೇಕು, ಪುಸ್ತಕದಲ್ಲಿ ಹಾಗೇ ಇತ್ತು. ಮೆತ್ತಗೆ ಮಾಡಿದೆವು. ಆಗ ದೋಹಾದ ತುಂಬ ರೌಂಡ್‌ಅಬೌಟುಗಳಿದ್ದವು. ಮೊದಲನೆಯದನ್ನು ಸುತ್ತುವಾಗಲೇ ಜೀಪು ಹಾಯಿದೋಣಿಯಂತೆ ಒಂದು ಕಡೆಗೆ ವಾಲಿತು. ಹದ್ದು ಅಡ್ಡೆಯಿಂದ ಜಾರಿ, ಪಕ್ಕದಲ್ಲಿದ್ದ ನನ್ನ ತೊಡೆಯ ಮೇಲೆ ಬಂದು, ಆಸರೆಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದುಕೊಂಡಿತು. ಗುರುತು ಇನ್ನೂ ಇದೆ. ನನ್ನ ವೃತ್ತಿಜೀವನದ ದಾಖಲೆಗಳಲ್ಲಿ ಅನುಮಾನಕ್ಕೆ ಎಡೆಯಿಲ್ಲದ್ದು ಅದೊಂದೇ.

"ಹಕ್ಕಿಗೆ ನಿನ್ನ ಸರ್ಟಿಫಿಕೇಟು ಓದಲು ಬರುವುದಿಲ್ಲ" ಎಂದು ಬು ನಾಸರ್ ನಕ್ಕರು. ಮೆತ್ತಗಿರುವುದು ಬೇರೆ, ವಾಲದಿರುವುದು ಬೇರೆ ಎಂದು ಅಂದು ಕಲಿತೆ. ಎರಡು ಪಕ್ಕಗಳನ್ನೂ ಜೋಡಿಸುವ ದಪ್ಪ ಸರಳು ಹಾಕಿದ ಮೇಲೆ ಹಕ್ಕಿ ನೆಮ್ಮದಿಯಾಗಿ ಕೂತಿತು. ಗಿರಾಕಿ ಬಿಟ್ಟುಹೋಗಬಹುದಿತ್ತು. ಇಲ್ಲಿಯ ಹಳಬರ ರೀತಿ ಹಾಗಲ್ಲ. ಒಮ್ಮೆ ನಕ್ಕು ಬೈದರೆಂದರೆ ನೀವು ಅವರ ಮನುಷ್ಯರಾದಿರಿ. ಆಮೇಲೆ ಅವರ ಜೀಪು, ಮಗನ ಬೈಕು, ತೋಟದ ನೀರಿನ ಪಂಪು, ಕೊನೆಗೆ ಅತಿಥಿಗಳನ್ನು ಕೂರಿಸುವ ಮಜ್ಲಿಸಿನ ಸೋಫಾದ ಸ್ಪ್ರಿಂಗು ಕೂಡ ನಮ್ಮ ಬಳಿಗೇ ಬಂದವು.

ಹಾಗೆಯೇ ಒಂದು ಬೆಳಗ್ಗೆ ಲಾರಿಯಲ್ಲಿ ಹಿಮದ ಗಾಡಿ ಬಂದಿಳಿಯಿತು.

ಇಬ್ರಾಹಿಂ ಸುತ್ತ ಒಂದು ಪ್ರದಕ್ಷಿಣೆ ಬಂದರು. "ಎಂತದು ಮಾರಾಯ್ರೆ ಇದು? ಮುಂದೆ ನೋಡಿದ್ರೆ ದೋಣಿ, ಹಿಂದೆ ನೋಡಿದ್ರೆ ಮಿಲಿಟ್ರಿ ಟ್ಯಾಂಕ್."

ವರ್ಣನೆ ಸರಿಯಾಗಿಯೇ ಇತ್ತು. ಸ್ನೋಮೊಬೈಲಿಗೆ ಚಕ್ರವಿಲ್ಲ. ಮುಂದೆ ಮೂತಿಯ ಕೆಳಗೆ ಎರಡು ಸ್ಕೀ, ಹ್ಯಾಂಡಲ್ ತಿರುಗಿಸಿದರೆ ಅವು ತಿರುಗುತ್ತವೆ. ಹಿಂದೆ ಅಗಲವಾದ ರಬ್ಬರ್ ಬೆಲ್ಟು ಸುತ್ತುತ್ತ ತಳ್ಳುತ್ತದೆ. ಬೆಲ್ಟಿನ ಹೊಟ್ಟೆಯೊಳಗೆ ಹಿಂದೊಂದು ಮುಂದೊಂದು ಶಾಕ್. ಮುಂದಿನದರ ಪಕ್ಕದಲ್ಲಿ ತೂತುಗಳಿರುವ ಒಂದು ಗಟ್ಟಿ ಪಟ್ಟಿ. ಪಟ್ಟಿಯನ್ನು ಬಿಗಿ ಮಾಡಿದರೆ ಬೆಲ್ಟಿನ ಮುಂಭಾಗ ಮೇಲಕ್ಕೆ ಎಳೆದುಕೊಂಡು ಗಾಡಿಯ ಭಾರ ಸ್ಕೀಗಳ ಮೇಲೆ ಬೀಳುತ್ತದೆ. ಸಡಿಲಿಸಿದರೆ ಬೆಲ್ಟು ಕೆಳಗಿಳಿದು ಮೂತಿ ಹಗುರಾಗುತ್ತದೆ. ಈ ಕಥೆಗೆ ಬೇಕಾದ ಶಾಸ್ತ್ರ ಇಷ್ಟೇ.

ಬು ನಾಸರ್ ಪ್ರತಿ ಚಳಿಗಾಲ ಮನೆಯವರನ್ನು ಕರೆದುಕೊಂಡು ಜಾರ್ಜಿಯಾದ ಬೆಟ್ಟಕ್ಕೆ ಹೋಗುತ್ತಿದ್ದರು. ಹಿಂದಿನ ವರ್ಷ ಅಲ್ಲಿ ಒಂದು ತಿರುವಿನಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸಿದರೂ ಗಾಡಿ ತಿರುಗದೆ ನೇರ ಹೋಗಿ, ಅವರು ಹಾರಿಬಿದ್ದು ಭುಜದ ಮೂಳೆ ಮುರಿದುಕೊಂಡಿದ್ದರು. ಈ ವರ್ಷ ಹಿಂದಿನ ಸೀಟಿನಲ್ಲಿ ಮಗಳು ನೂರಾ ಕೂರಬೇಕೆಂದಿದ್ದಳು. ಮದುವೆ ಗೊತ್ತಾಗಿತ್ತು, ಮುಂದಿನ ಚಳಿಗಾಲಕ್ಕೆ ಅವಳು ತಂದೆಯ ಮನೆಯಲ್ಲಿರುವುದಿಲ್ಲ. ಮನೆಯಾಕೆ ಮಾತ್ರ, ಗಾಡಿ ಸರಿಹೋಗದೆ ಹುಡುಗಿ ಹತ್ತಕೂಡದು ಎಂದು ಖಡಾಖಂಡಿತವಾಗಿ ಹೇಳಿದ್ದರು. ಅಲ್ಲಿಯ ಮೆಕ್ಯಾನಿಕ್‌ಗಳನ್ನು ಬಿಟ್ಟು, ಬರಿಯ ನಂಬಿಕೆಯ ಮೇಲೆ ಬು ನಾಸರ್ ಗಾಡಿಯನ್ನು ಕಾರ್ಗೋದಲ್ಲಿ ದೋಹಾಕ್ಕೆ ತರಿಸಿದ್ದರು.

"ನನ್ನ ಗಾಡಿಯನ್ನು ನನ್ನ ಜನ ನೋಡಬೇಕು" ಎಂದರು. "ಇದು ತಿರುಗಬೇಕು ಮುಹಂದಿಸ್. ನನ್ನ ಹಿಂದೆ ನೂರಾ ಇರುತ್ತಾಳೆ."

"ಮಾಫಿ ಮುಶ್ಕಿಲ್" ಎಂದೆವು ನಾನೂ ಇಬ್ರಾಹಿಮ್ಮೂ ಒಟ್ಟಿಗೆ. ಅದುವರೆಗೆ ಹಿಮವನ್ನು ನಾನು ಕಂಡದ್ದು ಸುಧಾ ತಿಂಗಳಿಗೊಮ್ಮೆ ಫ್ರೀಜರ್ ಕೆರೆಯುವಾಗ.

ತಿರುವಿನಲ್ಲಿ ನೇರ ಹೋಗುವ ಗಾಡಿಗೆ ಮುಂಭಾಗದ ಹಿಡಿತ ಸಾಲದು, ಮುಂದೆ ಭಾರ ಹಾಕಬೇಕು ಎಂದು ಪುಸ್ತಕ ಹೇಳುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ನಾನು ಪುಸ್ತಕದವನಾಗಿ ಉಳಿದಿರಲಿಲ್ಲ, ಅನುಭವಸ್ಥನಾಗಿಬಿಟ್ಟಿದ್ದೆ. ಮರಳಿನ ಮೊದಲ ಪಾಠವೆಂದರೆ ಮೂತಿ ಹಗುರಾಗಿರಬೇಕು. ಮೂತಿ ಭಾರವಾದರೆ ಗಾಡಿ ಮರಳಿಗೆ ಮುಖ ಹೂತುಕೊಂಡು ನಿಲ್ಲುತ್ತದೆ. ನೂರಾರು ಗಾಡಿಗಳ ಮೂತಿ ಎತ್ತಿದ ಕೈ ನನ್ನದು. ಕಾಲೇಜಿನಿಂದ ಬಂದ ಹೊಸಬರಿಗೆಲ್ಲ "ಪುಸ್ತಕ ಮುಚ್ಚಿಡಿ, ನೆಲ ಏನು ಹೇಳುತ್ತೆ ಕೇಳಿ" ಎಂದು ಉಪದೇಶ ಮಾಡುತ್ತಿದ್ದ ಕಾಲ ಅದು. ಅದಕ್ಕೆ ನಾನೂ ನೆಲವನ್ನೇ ಕೇಳಿದೆ. ಬೇರೆ ದೇಶದ ನೆಲವನ್ನು.

ಬು ನಾಸರ್ ಅವರ ಮರುಭೂಮಿಯ ತೋಟದ ಹಿಂದೆ ಪರೀಕ್ಷೆ ನಡೆಯಿತು. ಈ ಎಂಜಿನನ್ನು ತಂಪು ಮಾಡುವುದು ಬೆಲ್ಟು ಮೇಲೆರಚುವ ಹಿಮ. ಮರಳು ಆ ಕೆಲಸ ಮಾಡುವುದಿಲ್ಲ. ಆದ್ದರಿಂದ ಇಬ್ರಾಹಿಂ ನೀರಿನ ಟ್ಯಾಂಕರ್ ತರಿಸಿ, ಪೈಪು ಹಿಡಿದು, ಬು ನಾಸರ್ ಓಡಿಸುತ್ತಿದ್ದ ಗಾಡಿಯ ಹಿಂದೆ ಓಡಿದರು. ಮೊದಲ ಸುತ್ತಿನಲ್ಲೇ ಸ್ಕೀಗಳು ಮರಳಿಗೆ ಇಳಿದು ಗಾಡಿ ಮುಗ್ಗರಿಸಿತು.

"ಮೂತಿ ಭಾರ ಮಾರಾಯ್ರೆ!" ಎಂದು ಇಬ್ರಾಹಿಂ ಪೈಪಿನ ನೀರಿನಲ್ಲಿ ತಾವೇ ತೊಯ್ದುಕೊಂಡು ಕೂಗಿದರು. "ನಾನು ಹೇಳ್ಲಿಲ್ವಾ? ಪಟ್ಟಿ ಸಡಿಲ ಮಾಡುವ."

"ಹೇಳಿದ್ದು ನಾನು ಕಣ್ರೀ."

"ಯಾರು ಹೇಳಿದ್ರೆ ಎಂತ, ಸಡಿಲ ಮಾಡುವ."

ಈಗ ಇಬ್ಬರೂ, ಹೇಳಿದ್ದು ಆ ಇನ್ನೊಬ್ಬರು ಎನ್ನುತ್ತೇವೆ.

ಪಟ್ಟಿ ಸಡಿಲಿಸಿದೆವು, ಬೆಲ್ಟಿನ ಮುಂದಿನ ಸ್ಪ್ರಿಂಗನ್ನು ಬಿಗಿ ಮಾಡಿದೆವು. ಮೂತಿ ಎದ್ದಿತು. ಗಾಡಿ ಒದ್ದೆ ಮರಳಿನ ಮೇಲೆ ತೇಲಿಕೊಂಡು ಒಂದು ದೊಡ್ಡ ಸುತ್ತು ಹಾಕಿತು. ಎಂಜಿನ್ ಕಾದು ನಿಲ್ಲುವ ಮೊದಲು ಬು ನಾಸರ್ ಮಗುವಿನ ಹಾಗೆ ನಕ್ಕದ್ದು ನನಗೆ ಕಾಣಿಸಿತು. "ವಲ್ಲಾ, ಗಸೆಲ್ ಜಿಂಕೆಯ ಹಾಗೆ ಓಡುತ್ತದೆ!" ಎಂದರು.

ಟ್ಯಾಂಕರಿನ ನೆರಳಿನಲ್ಲಿ ನಿಂತಿದ್ದ ನೂರಾ ಮಾತ್ರ ನಗಲಿಲ್ಲ. "ಅಂಕಲ್, ಹಿಮವೂ ಮರಳೂ ಒಂದೇ ಥರವಾ?"

"ಎರಡೂ ಪುಡಿಯೇ ಅಲ್ಲವಾ" ಎಂದೆ.

"ನೀವು ಹಿಮ ನೋಡಿದ್ದೀರಾ?"

"ಯೆಸ್, ಯೆಸ್" ಎಂದೆ. ಫ್ರೀಜರಿನ ಹೆಸರು ಎತ್ತಲಿಲ್ಲ.

ಇಂಥ ಪ್ರಶ್ನೆ ಒಮ್ಮೆ ಹೊಕ್ಕರೆ ನನ್ನ ತಲೆ ಸುಮ್ಮನಿರುವುದಿಲ್ಲ. ಊಟಕ್ಕೆ ಕೂತರೆ ಮೊಸರನ್ನದಲ್ಲಿ ಚಮಚ ಎಳೆದು ನೋಡುವುದು, ಸಕ್ಕರೆ ಡಬ್ಬಿಯಲ್ಲಿ ಎಳೆದು ನೋಡುವುದು. ಮೊಸರನ್ನದಲ್ಲಿ ಒತ್ತಿದಷ್ಟೂ ಚಮಚ ಹಿಡಿದುಕೊಂಡು ತಿರುಗುತ್ತಿತ್ತು. ಸಕ್ಕರೆಯಲ್ಲಿ ಒತ್ತಿದರೆ ಹೂತುಹೋಗುತ್ತಿತ್ತು. "ತಿನ್ನೋದಾದ್ರೆ ತಿನ್ನಿ, ಇಲ್ಲಾಂದ್ರೆ ಗ್ಯಾರೇಜಿಗೆ ತಗೊಂಡು ಹೋಗಿ" ಎಂದಳು ಸುಧಾ. ಹಿಮ ಮೊಸರನ್ನದ ಜಾತಿಯೋ ಸಕ್ಕರೆಯ ಜಾತಿಯೋ ತಿಳಿಯದೆ ಇನ್ನು ಕೂರುವಂತಿರಲಿಲ್ಲ.

ದೋಹಾದ ಮಾಲ್ ಒಂದರಲ್ಲಿ ಮಕ್ಕಳಿಗಾಗಿ ನಿಜವಾದ ಹಿಮ ಹರಡಿದ ಆಟದ ಕೋಣೆ ಇತ್ತು. ಶುಕ್ರವಾರ ಮಧ್ಯಾಹ್ನ ಪ್ರಾರ್ಥನೆ ಮುಗಿಸಿ ಬಂದ ಇಬ್ರಾಹಿಮ್ಮರನ್ನು ಬರ್ವಾ ಅಲ್ ಬರಾಹಾದ ಅವರ ರೂಮಿನಿಂದ ಎತ್ತಿಕೊಂಡು ಹೊರಟೆ. ಎಲ್ಲಿಗೆ ಎಂದು ದಾರಿಯಲ್ಲಿ ಹೇಳಿದೆ. ಮೊದಲೇ ಹೇಳಿದ್ದರೆ ಹತ್ತುತ್ತಿರಲಿಲ್ಲ.

ಟಿಕೆಟ್ ಕೌಂಟರಿನ ಹುಡುಗಿ ನಮ್ಮ ಹಿಂದೆ ಮಕ್ಕಳನ್ನು ಹುಡುಕಿದಳು. "ಎಷ್ಟು ಮಕ್ಕಳು ಸರ್?"

"ಎರಡು" ಎಂದು ಇಬ್ರಾಹಿಂ ನನ್ನನ್ನೂ ತಮ್ಮನ್ನೂ ತೋರಿಸಿಕೊಂಡರು.

ಬಾಡಿಗೆಯ ಜಾಕೆಟು ನನಗೆ ಮಂಡಿಯವರೆಗೆ ಬಂತು, ಇಬ್ರಾಹಿಮ್ಮರ ಹೊಟ್ಟೆಯ ಮೇಲೆ ಗುಂಡಿ ಕೂಡಲಿಲ್ಲ. ಒಳಗೆ ಒಂದು ಸಣ್ಣ ಇಳಿಜಾರು. ಕೆಳಗೆ ಸ್ಪಂಜಿನ ಗೋಡೆ. ಜಾರಲು ಪ್ಲಾಸ್ಟಿಕ್ ಬಂಡಿಗಳಿದ್ದವು. ಮುಂದೆ ಸ್ಟೀರಿಂಗು, ಅದರ ಕೆಳಗೊಂದು ಪುಟ್ಟ ಸ್ಕೀ. ದೇವರೇ ಪ್ರಯೋಗಾಲಯ ಸಿದ್ಧಮಾಡಿ ಇಟ್ಟ ಹಾಗಿತ್ತು.

ಮೊದಲ ಸಲ ನಾನು ಮುಂದೆ ಕೂತು ಸ್ಟೀರಿಂಗ್ ಹಿಡಿದೆ, ಇಬ್ರಾಹಿಂ ಹಿಂದೆ ಕೂತರು. ನಾನು ಆಗಲೂ ಈಗಲೂ ಸಣಕಲು. ಅವರ ಭಾರಕ್ಕೆ ಬಂಡಿಯ ಮೂತಿ ಆಕಾಶ ನೋಡುತ್ತಿತ್ತು. ಸ್ಟೀರಿಂಗ್ ಎಡಕ್ಕೆ ತಿರುಗಿಸಿದೆ. ಬಂಡಿ ನನ್ನನ್ನು ಕಿಂಚಿತ್ತೂ ಲೆಕ್ಕಿಸದೆ ನೇರ ಹೋಗಿ ಗೋಡೆಗೆ ಗುದ್ದಿತು. ಸಾಲಿನಲ್ಲಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು.

"ನಿಮ್ಗೆ ಬಿಡ್ಲಿಕ್ಕೆ ಬರುದಿಲ್ಲ" ಎಂದರು ಇಬ್ರಾಹಿಂ, ಟೋಪಿಯ ಹಿಮ ಕೊಡವುತ್ತಾ. "ಇಲ್ಲಿ ಕೊಡಿ. ಇಪ್ಪತ್ತು ವರ್ಷ ಮರಳಲ್ಲಿ ಬಿಟ್ಟವ ನಾನು."

ಜಾಗ ಬದಲಾಯಿಸಿದೆವು. ಅವರ ಹೊಟ್ಟೆ ಸ್ಟೀರಿಂಗನ್ನೇ ಅಪ್ಪಿಕೊಂಡಿತು. ಮುಂದಿನ ಸ್ಕೀ ಕರಕರ ಎಂದು ಹಿಮವನ್ನು ಕಚ್ಚಿತು. ಅವರು ಎಡಕ್ಕೆ ತಿರುಗಿಸಿದ್ದೇ ತಡ, ಬಂಡಿ ಚಾಕುವಿನ ಹಾಗೆ ಎಡಕ್ಕೆ ಹೊರಳಿತು. ನಾನು ಬಲಕ್ಕೆ ಬಿದ್ದೆ.

"ನೋಡಿದ್ರಾ! ಡ್ರೈವಿಂಗ್ ಅಂದ್ರೆ ಇದು!"

"ಡ್ರೈವಿಂಗ್ ಅಲ್ರೀ, ನಿಮ್ಮ ಹೊಟ್ಟೆ ಅದು" ಎಂದೆ ಬಿದ್ದಲ್ಲಿಂದಲೇ. ಹೇಳುತ್ತಿದ್ದಂತೆ ಬೆನ್ನಿಗೆ ತಾಗಿದ ಹಿಮಕ್ಕಿಂತ ತಣ್ಣಗಿನದೊಂದು ಒಳಗೆ ಇಳಿಯಿತು. ಹಿಮ ಮೊಸರನ್ನದ ಜಾತಿ. ಭಾರ ಬಿದ್ದಷ್ಟೂ ಸ್ಕೀ ಕಚ್ಚುತ್ತದೆ, ಕಚ್ಚಿದರೇ ತಿರುಗುತ್ತದೆ. ಮೊದಲೇ ತಿರುಗದಿದ್ದ ಗಾಡಿಯ ಮೂತಿಯನ್ನು ನಾವು ಇನ್ನಷ್ಟು ಹಗುರ ಮಾಡಿದ್ದೆವು. ಅದರ ಹಿಂದಿನ ಸೀಟಿಗೆ ನೂರಾ ಬೇರೆ ಹತ್ತುವವಳಿದ್ದಳು. ಆ ಭಾರಕ್ಕೆ ಮೂತಿ ಮತ್ತೂ ಮೇಲೇಳುತ್ತದೆ. ಬೆಟ್ಟದಲ್ಲಿ ಸ್ಪಂಜಿನ ಗೋಡೆ ಇರುವುದಿಲ್ಲ.

ಇಬ್ರಾಹಿಮ್ಮರಿಗೂ ಅಷ್ಟರಲ್ಲಿ ಹೊಳೆದಿತ್ತು. ಜಾಕೆಟು ವಾಪಸು ಕೊಟ್ಟು ನೇರ ಕಾರಿನ ಕಡೆಗೆ ನಡೆದರು.

ಮರುದಿನ ಎಲ್ಲವನ್ನೂ ತಿರುವುಮುರುವು ಮಾಡಿದೆವು. ಪಟ್ಟಿಯನ್ನು ಬಿಗಿದೆವು, ಬೆಲ್ಟಿನ ಮುಂದಿನ ಸ್ಪ್ರಿಂಗನ್ನು ಸಡಿಲಿಸಿದೆವು. ಇಬ್ಬರ ಭಾರಕ್ಕೆ ಹಿಂಭಾಗ ಕುಸಿಯದಂತೆ ಹಿಂದಿನದನ್ನು ಬಿಗಿ ಮಾಡಿದೆವು. ಸ್ಕೀಗಳ ತಳದಲ್ಲಿ ಸವೆದಿದ್ದ ಲೋಹದ ಅಲಗುಗಳನ್ನು ಬದಲಿಸಿದೆವು. ಈಗ ಮರಳಿನಲ್ಲಿ ಬಿಟ್ಟರೆ ಗಾಡಿ ಒಂದು ಮೀಟರೂ ಹೋಗುತ್ತಿರಲಿಲ್ಲ. ತೋರಿಸಲು ಏನೂ ಇಲ್ಲದ, ಕಣ್ಣಿಗೆ ಕೆಟ್ಟಂತೆ ಕಾಣುವ ಕೆಲಸ. ಅದನ್ನು ಬು ನಾಸರ್‌ಗೆ ಹೇಳಬೇಕಿತ್ತು.

ಅವರ ಮಜ್ಲಿಸಿನಲ್ಲಿ, ನಾನೇ ಸ್ಪ್ರಿಂಗು ಹಾಕಿಸಿದ ಸೋಫಾದ ತುದಿಯಲ್ಲಿ ಕೂತೆ. ಖಾವಾ, ಅಂದರೆ ಅರಬ್ಬಿ ಕಾಫಿ ಬಂತು. ಪಕ್ಕದಲ್ಲಿ ಇಬ್ರಾಹಿಂ ಖರ್ಜೂರದ ಮೇಲೆ ಏಕಾಗ್ರರಾಗಿದ್ದರು.

"ಫೀ ಮುಶ್ಕಿಲ್" ಎಂದೆ. ತೊಂದರೆ ಇದೆ ಎಂದು. ಗಿರಾಕಿಯ ಮುಂದೆ ಆ ಮಾತನ್ನು ಹಾಗೆ ತಲೆ ಕತ್ತರಿಸಿ ಹೇಳಿದ್ದು ಅದೇ ಮೊದಲಿರಬೇಕು.

ಬು ನಾಸರ್ ಪೂರ್ತಿ ಕೇಳಿಸಿಕೊಂಡರು. ಮಾಲಿನ ಬಂಡಿಯ ಪ್ರಸಂಗಕ್ಕೆ, ತಂದೆಯ ಪಕ್ಕದಲ್ಲಿ ಕೂತಿದ್ದ ನೂರಾ ಬಾಯಿಗೆ ಕೈ ಅಡ್ಡ ಹಿಡಿದಳು. ಬು ನಾಸರ್ ನಗಲಿಲ್ಲ.

"ಮೊನ್ನೆ ಸರಿಯಾಗಿದೆ ಎಂದೆ. ಇವತ್ತು ಅದು ತಪ್ಪು, ಇದು ಸರಿ ಎನ್ನುತ್ತೀಯ. ನಾಳೆ?"

"ನಾಳೆಯೂ ಇದೇ ಸರಿ. ಬಹುಶಃ."

"ಬಹುಶಃ" ಎಂದು ಅವರು ಆ ಪದವನ್ನು ಬಾಯಲ್ಲಿ ಹೊರಳಿಸಿದರು. "ನನ್ನ ಹಿಂದೆ ಮಗಳು ಕೂರುತ್ತಾಳೆ, ಮುಹಂದಿಸ್. ಬಹುಶಃ ಮೇಲೆ ಅವಳನ್ನು ಹೇಗೆ ಕೂರಿಸಲಿ?" ಖಾವಾದ ಬಟ್ಟಲನ್ನು ಅಲುಗಾಡಿಸಿ ಸಾಕೆಂದು ಸೂಚಿಸಿದರು. "ಖಲಾಸ್. ನೀನು ಬಾ. ಮೊದಲು ಆ ತಿರುವಿನಲ್ಲಿ ನನ್ನ ಹಿಂದೆ ನೀನು ಕೂರು. ಆಮೇಲೆ ಅವಳು."

ನಾನು ಇಬ್ರಾಹಿಮ್ಮರ ಮುಖ ನೋಡಿದೆ.

"ಹೋಗಿ ಬನ್ನಿ ಮೂರ್ತಿ ಸಾರ್" ಎಂದರು ಕನ್ನಡದಲ್ಲಿ, ಖರ್ಜೂರದ ಬೀಜ ತಟ್ಟೆಗಿಡುತ್ತಾ. "ಗ್ಯಾರೇಜು ನಾನು ನೋಡಿಕೊಳ್ತೇನೆ. ಎಂತ ಆದ್ರೂ ಅತ್ತಿಗೆಗೆ ನಾನೇ ಫೋನ್ ಮಾಡ್ತೇನೆ."

ಸುಧಾ ಬೇಡವೆನ್ನುತ್ತಾಳೆ ಎಂಬ ಭರವಸೆಯ ಮೇಲೆ ಮನೆಗೆ ಬಂದೆ. ಅವಳು ಪರೀಕ್ಷೆಯ ಪೇಪರು ತಿದ್ದುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ಹೋಗಿ ಬನ್ನಿ. ಇಷ್ಟು ವರ್ಷ ನೀವು ಬಿಗಿದ ಗಾಡಿ ಮೇಲೆ ಬೇರೆಯವರನ್ನ ಕೂರಿಸಿ ಕಳಿಸಿದ್ದೀರಲ್ಲ."

ಆ ಮಾತು ಅವಳು ಹೇಳಿದಳೆಂಬುದರಲ್ಲಿ ನನಗೆ ಅನುಮಾನವಿಲ್ಲ. ಈಗಲೂ ಹೇಳುತ್ತಾಳೆ.

ಜಾರ್ಜಿಯಾದ ಬೆಟ್ಟದ ವರ್ಣನೆ ನನ್ನಿಂದ ನಿರೀಕ್ಷಿಸಬೇಡಿ. ಮೊದಲ ದಿನ ನನಗೆ ಕಂಡದ್ದು ನನ್ನ ಉಸಿರೇ. ಗಾಡಿ ಕಾರ್ಗೋದಲ್ಲಿ ಮುಂಚೆಯೇ ಬಂದಿತ್ತು. ಅದರ ಮೇಲೆ ಕೂತು ಕುಲುಕಿದರೆ ಕಲ್ಲಿನ ಬೆಂಚಿನಂತೆ ಅಲುಗದೆ ಕೂತಿತ್ತು. ಇನ್ನೊಂದು ಜಾಣತನ ಮಾಡಿದ್ದೆ ನೋಡಿ. ದೋಹಾದ ಬಿಸಿಯಲ್ಲಿ ಶಾಕಿನ ಎಣ್ಣೆ ನೀರಾಗಿರುತ್ತದೆ. ಅಲ್ಲಿ ಹಿತವೆನಿಸುವ ಹಾಗೆ, ಶಾಕಿನ ಬಿಗಿ ಹೊಂದಿಸುವ ಗುಬುಟುಗಳನ್ನು ತಿರುಗಿಸಿಟ್ಟಿದ್ದೆ. ಇಲ್ಲಿಯ ಚಳಿಗೆ ಅದೇ ಎಣ್ಣೆ ಗಟ್ಟಿ ತುಪ್ಪ. ಕೈಗವಸು ತೆಗೆದು, ಬೆರಳು ಇದೆಯೋ ಇಲ್ಲವೋ ತಿಳಿಯದ ಸ್ಥಿತಿಯಲ್ಲಿ ಒಂದೊಂದನ್ನೂ ಸಡಿಲಿಸುತ್ತ ಹೋದೆ. ಇಂದಿನವರು ಲ್ಯಾಪ್‌ಟಾಪಿನಲ್ಲಿ ಗ್ರಾಫು ನೋಡಿ ಇದನ್ನೆಲ್ಲ ಮಾಡುತ್ತಾರೆ. ಒಳ್ಳೆಯದು. ಗ್ರಾಫಿಗೆ ಚಳಿಯಾಗುವುದಿಲ್ಲ.

ಆಮೇಲೆ ಹೆಲ್ಮೆಟ್ ಹಾಕಿಕೊಂಡು ಬು ನಾಸರ್ ಹಿಂದೆ ಕೂತೆ. ತಿರುವಿನ ಈಚೆ, ಸುರಕ್ಷಿತವಾದ ದಿನ್ನೆಯ ಮೇಲೆ ನೂರಾ ನಿಂತಿದ್ದಳು. ಬು ನಾಸರ್ ತಿರುಗಿ "ಮಾಫಿ ಮುಶ್ಕಿಲ್?" ಎಂದು ಕೇಳಿದರು. ನನ್ನದೇ ಮಾತನ್ನು ನನಗೇ ವಾಪಸು ಕೊಟ್ಟರು. ಉತ್ತರಿಸುವ ಮೊದಲೇ "ಯಲ್ಲಾ" ಎಂದು ಹೊರಟುಬಿಟ್ಟರು.

ಈಗ ನನ್ನ ಇಡೀ ವೃತ್ತಿಯ ಅತಿ ಮುಖ್ಯ ಕ್ಷಣವನ್ನು ಹೇಳಬೇಕು. ತಿರುವು ಹತ್ತಿರ ಬಂತು. ಗಾಡಿಯ ವೇಗ, ಸ್ಕೀಗಳ ಕೋನ, ಮೈ ವಾಲುವುದು, ಎಂಜಿನಿಯರ್ ಆದವನು ಗಮನಿಸಬೇಕಾದದ್ದೆಲ್ಲ ಅಲ್ಲಿತ್ತು. ನಾನು ಬು ನಾಸರ್ ಬೆನ್ನಿಗೆ ಹಣೆ ಒತ್ತಿ ಬಿಗಿಯಾಗಿ ಕಣ್ಣು ಮುಚ್ಚಿಕೊಂಡೆ.

ಕಿರುಚಿದೆನೋ ಇಲ್ಲವೋ ಗೊತ್ತಿಲ್ಲ. ಎಂಜಿನಿನ ಸದ್ದಿತ್ತು. ಬಂಟ್ವಾಳದ ಇಬ್ರಾಹಿಮ್ಮರಿಗೆ ಕೇಳಿಸಿದ್ದರೆ ಕೇಳಿಸಿರಬಹುದು.

ಗಾಡಿ ನಿಂತಿತು. ಕಣ್ಣು ಬಿಟ್ಟೆ. "ತಿರುಗಿತಾ?" ಎಂದು ಕೇಳಿದೆ.

ಬು ನಾಸರ್ ಹೆಲ್ಮೆಟ್ ತೆಗೆದು ನನ್ನನ್ನು ನೋಡಿದರು. "ನೀನೂ ಇದರ ಮೇಲೇ ಇದ್ದೆಯಲ್ಲ!"

ಅಷ್ಟರಲ್ಲಿ ನೂರಾ ಹಿಮದಲ್ಲಿ ಎಡವುತ್ತ ಓಡಿಬಂದಳು. "ಇಳಿಯಿರಿ ಅಂಕಲ್. ಅದು ನನ್ನ ಜಾಗ."

ಇಳಿಯಲು ಹೊರಟೆ. ಬು ನಾಸರ್ ಭುಜ ನೀವಿಕೊಳ್ಳುತ್ತಿದ್ದರು. ಹಿಂದಿನ ವರ್ಷ ಮುರಿದಿದ್ದ ಭುಜ. "ತಿರುಗುತ್ತದೆ. ಆದರೆ ಹ್ಯಾಂಡಲ್ ಭಾರ" ಎಂದರು. "ಪರವಾಗಿಲ್ಲ ಅಲ್ಲವಾ, ಮುಹಂದಿಸ್?"

ನೂರಾಳ ಒಂದು ಕಾಲು ಆಗಲೇ ಮೆಟ್ಟಿಲ ಮೇಲಿತ್ತು. ನನ್ನ ಬಾಯಿಗೆ "ಮಾಫಿ" ಬಂದಿತ್ತು, ಉಳಿದರ್ಧವನ್ನು ಹಲ್ಲು ಕಚ್ಚಿ ತಡೆದೆ.

"ಫೀ ಮುಶ್ಕಿಲ್" ಎಂದೆ. "ಮುಂದೆ ಭಾರ ಸ್ವಲ್ಪ ಜಾಸ್ತಿಯಾಗಿದೆ. ನಾಲ್ಕು ತಿರುವು ಆದ ಮೇಲೆ ನಿಮ್ಮ ಭುಜ ಸೋಲುತ್ತದೆ. ಸೋತ ಭುಜ ಹ್ಯಾಂಡಲ್ ಬಿಡುತ್ತದೆ. ಪಟ್ಟಿ ಒಂದು ತೂತು ಸಡಿಲಿಸುತ್ತೇನೆ. ಆಮೇಲೆ ಮತ್ತೆ ಮೊದಲು ನಾನೇ ಕೂರಬೇಕು."

ನೂರಾ ಕಾಲು ತೆಗೆದಳು. ತಂದೆಯನ್ನು ನೋಡಿ, ನನ್ನನ್ನು ನೋಡಿ ಹೇಳಿದಳು: "ಈ ಸಲ ಕಣ್ಣು ಬಿಟ್ಟುಕೊಳ್ಳಿ ಅಂಕಲ್. ದಿನ್ನೆಯಿಂದ ನನಗೆ ಎಲ್ಲ ಕಾಣಿಸುತ್ತದೆ."

ಎರಡನೆಯ ಸುತ್ತಿನಲ್ಲಿ ಬಿಟ್ಟುಕೊಂಡೇ ಕೂತೆ. ಗಾಳಿಗೆ ನೀರು ಸುರಿಯಿತು, ಮುಚ್ಚಲಿಲ್ಲ. ತಿರುವಿನಲ್ಲಿ ಬು ನಾಸರ್ ಹ್ಯಾಂಡಲನ್ನು ಮೆಲ್ಲಗೆ, ಅಷ್ಟು ಮೆಲ್ಲಗೆ ತಿರುಗಿಸಿದರು. ಎಡಗಡೆಯ ಸ್ಕೀ ಹಿಮವನ್ನು ಸೀಳಿ ತೆಳ್ಳಗಿನ ಪರದೆಯಂತೆ ಮೇಲೆತ್ತಿತು, ಮೂತಿ ಹೇಳಿದ ಕಡೆಗೆ ಬಂತು. ತಿರುವಿನ ಹೊರಗೆ ಒಂದು ಮರದ ಬೇಲಿಯಿತ್ತು. ನಡುವೆ ಎರಡು ಹಲಗೆಗಳು ಮಾತ್ರ ಹೊಸವು, ಇನ್ನೂ ಬೆಳ್ಳಗಿದ್ದವು. ಹಿಂದಿನ ವರ್ಷ ಅವರು ನೇರ ಹೋದದ್ದು ಅಲ್ಲಿಂದ. ಬೇಲಿ ನಮ್ಮ ಬಲಕ್ಕೆ ಸರಿದು ಹಿಂದೆ ಉಳಿಯಿತು.

ಆಮೇಲೆ ನೂರಾ ಹತ್ತಿದಳು. ದಿನ್ನೆಯ ಮೇಲೆ ನಿಂತು ನೋಡಿದೆ. ಅಪ್ಪ ಮಗಳು ಆ ತಿರುವನ್ನು ಎಷ್ಟು ಸಲ ಸುತ್ತಿದರೋ, ನನ್ನ ಕಾಲು ಮರಗಟ್ಟುವವರೆಗೆ ನನ್ನನ್ನು ಮರೆತೇಬಿಟ್ಟಿದ್ದರು.

ಇದನ್ನು ಬರೆಯುವ ಮೊದಲು ಇಬ್ರಾಹಿಮ್ಮರಿಗೆ ಫೋನ್ ಮಾಡಿ, ಅವರು ಹೇಳುವ ಕಥೆಯನ್ನು ಇನ್ನೊಮ್ಮೆ ಪೂರ್ತಿ ಹೇಳಿಸಿಕೊಂಡೆ. ಹಸಿರು ಗಾಡಿ ಇತ್ತು, 'ಅಮ್ಮಾ' ಇತ್ತು, ನಾನು ಹಿಮದಲ್ಲಿ ತಲೆಕೆಳಗಾಗಿ ಬೀಳುವ ಹೊಸ ಭಾಗವೂ ಸೇರಿತ್ತು. ಅದರಲ್ಲಿ ಎಷ್ಟು ನಿಜವೋ ನಾನು ಹೇಳಲಾರೆ. ಆದರೆ ಬೇಲಿಯ ಆ ಎರಡು ಬಿಳಿ ಹಲಗೆಗಳು ಮಾತ್ರ ಅವರ ಕಥೆಯಲ್ಲಿ ಇರಲಿಲ್ಲ. ಅವು ಅವರಿಗೆ ಗೊತ್ತಿಲ್ಲ. ಅವುಗಳನ್ನು ನೋಡಿದವನು ನಾನು.